ಕುಂಬಳಕಾಯಿಯ ಎರಡು ಗತಿ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ, ಹಿಟ್ಟಿನ ಬಟ್ಟಲಿನಲ್ಲಿ ಸಿಹಿಗುಂಬಳದ ಹೂರಣ ತುಂಬಿ ಬೇಯಿಸಿದ ಪೈ ಎಂಬ ಭಕ್ಷ್ಯ ಅನಿವಾರ್ಯವಾದರೆ, ಮೈಸೂರಿನ ಕುವೆಂಪುನಗರದಲ್ಲಿ ಕುಂಬಳದ ವೈಭವವು ದಸರೆಯ ಒಂಬತ್ತನೆಯ ದಿನವಾದ ಆಯುಧಪೂಜೆಯಂದು ಪ್ರಕಟವಾಗುತ್ತದೆ. ಇಲ್ಲಿಯ ನಾಯಕ ಬೂದುಗುಂಬಳ, ಅಂದರೆ ವಿಭೂತಿ ಬಳಿದುಕೊಂಡಂತೆ ಕಾಣುವ, ನೂರಕ್ಕೆ 95 ಭಾಗದಷ್ಟು ನೀರೇ ಆಗಿರುವ ಕಾಯಿ. ಕುಂಕುಮ, ಚಿಲ್ಲರೆ ಕಾಸು ತುಂಬಿಸಿಕೊಂಡು ಸ್ಕೂಟರಿನ ದೃಷ್ಟಿ ತೆಗೆದು ಅದು ರಸ್ತೆಯಲ್ಲಿ ಒಡೆಯುತ್ತದೆ. ಹೀಗೆ ದೃಷ್ಟಿದೋಷ ಕಳೆದುಕೊಂಡ ವಾಹನವು ಮುಂದಿನ ತಿರುವಿನಲ್ಲಿ ನೆರೆಮನೆಯವರ ಕುಂಬಳದ ಮೇಲೆ ಜಾರುವ ಸಂಭವವನ್ನು ಯಾವ ಶಾಸ್ತ್ರವೂ ಪರಿಗಣಿಸಿದಂತಿಲ್ಲ.

ಬೀದಿಪಾಲಾಗದೆ ಅಡುಗೆಮನೆ ಸೇರಿದ ಅದೃಷ್ಟವಂತ ಕಾಯಿ ಕಾಶಿ ಹಲ್ವವಾಗುತ್ತದೆ: ತುರಿದು, ನೀರು ಹಿಂಡಿ, ಬೇಯಿಸಿ, ಸಕ್ಕರೆ, ತುಪ್ಪ, ಕೇಸರಿ, ಗೋಡಂಬಿ, ದ್ರಾಕ್ಷಿ ಬೆರೆಸಿ ಮಗುಚುತ್ತ ಹೋದಂತೆ, ಎರಡು ಕೈಯಲ್ಲಿ ಹೊತ್ತು ತಂದ ಕಾಯಿಯು ಅತಿಥಿಗಳ ಸಂಖ್ಯೆಯನ್ನು ಲೆಕ್ಕಿಸದೆ ಬಾಣಲೆಯ ತಳಕ್ಕೆ ಕುಗ್ಗುತ್ತದೆ. ಬಾಳೆಯೆಲೆಯ ಮೇಲೆ ಹಲ್ವವನ್ನು ಚಮಚದಷ್ಟೇ ಬಡಿಸುವ ಸಂಪ್ರದಾಯಕ್ಕೆ ಮಿತಾಹಾರದ ತತ್ತ್ವಕ್ಕಿಂತ ಈ ಅಂಕಗಣಿತವೇ ಕಾರಣವೆನ್ನಬಹುದು. ಆದ್ದರಿಂದ ಎರಡನೆಯ ಸಲ ಬಡಿಸಲು ಬಂದವರಿಗೆ ಸಂಕೋಚದಿಂದ ‘ಸಾಕು’ ಎನ್ನುವವರು, ಅವರು ಅದನ್ನು ನಿಜವೆಂದೇ ನಂಬಿ ಪಕ್ಕದ ಎಲೆಗೆ ಹೋಗಿಬಿಡುವ ಅಪಾಯವನ್ನು ಮೊದಲೇ ಅರಿತಿರಬೇಕು.