ಹೆಸರು ಸುಲಿಯುವ ಕ್ರಮ

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬಳಕೆಗೆ ಮಾತ್ರ)

ಬೇಕಾಗುವ ಸಾಮಾನು: ಅರಬ್ಬಿ ಅಥವಾ ಪಾರಸಿ ಹೆಸರು, ಒಂದು. ಭಾಷೆ ಬರುವುದಿಲ್ಲ ಎಂದು ಹೆದರಬೇಡಿ. ಕೊಬ್ಬರಿ ಮಂಡಿಯಲ್ಲಿ ದಲಾಲಿ ಕೊಟ್ಟು, ಹಮಾಲಿ ಕೊಟ್ಟು, ಬಾಕಿ ಬರೆಸಿ ಬಂದವರಿಗೆ ಆಗಲೇ ಅರ್ಧ ಬಂದಿರುತ್ತದೆ.

ಮೊದಲು ಮಟ್ಟೆ ಸುಲಿಯಿರಿ. ‘ಅಬ್ದುಲ್’ ಎಂದರೆ ‘ಇಂಥವನ ದಾಸ’ ಎಂದಷ್ಟೇ; ಯಾರ ದಾಸ ಎಂಬುದು ಮುಂದಿರುತ್ತದೆ. ಬರೀ ‘ಅಬ್ದುಲ್’ ಎಂದು ಕೂಗುವುದು ಕಾಯಿ ಬಿಟ್ಟು ಮಟ್ಟೆ ಹೊತ್ತು ತಂದ ಹಾಗೆ. ಅಬ್ದುಲ್ ರೆಹಮಾನ್ ಬಾಯಲ್ಲಿ ಅಬ್ದುರ್ರೆಹಮಾನ್ ಆದರೆ ಗಾಬರಿ ಬೇಡ. ಲಕಾರಕ್ಕೆ ರಕಾರ ಆದೇಶ. ಕನ್ನಡ ಮೇಷ್ಟ್ರಿಗೆ ಹೇಳಿ, ಖುಷಿಪಡುತ್ತಾರೆ.

ಇನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಗಿಟುಕು ಲೊಟಲೊಟ ಅನ್ನುವಂತೆ, ಅರಬ್ಬಿ ಹೆಸರಿನೊಳಗೆ ಸಾಮಾನ್ಯವಾಗಿ ಮೂರು ವ್ಯಂಜನ ಸದ್ದು ಮಾಡುತ್ತವೆ. ಹ-ಮ-ದ ಕೇಳಿಸಿತೆ? ಹೊಗಳಿಕೆ. ಮಹಮ್ಮದ್, ಅಹಮದ್, ಹಮೀದ್, ಮಹಮೂದ್ ನಾಲ್ಕೂ ಒಂದೇ ಗೊನೆಯವು. ಹ-ಕ-ಮ ಆದರೆ ಹಕೀಂ, ವಿವೇಕಿ. ಹುಕುಂ ಕೂಡ ಅದೇ ಗೊನೆಯದು. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವರಿಗೆ ಈ ನೆಂಟಸ್ತಿಕೆ ನಂಬಲು ಕಷ್ಟ. ಅಮೀನ್ ಎಂದರೆ ನಂಬಿಕಸ್ಥ, ನಂಬಿ ಒಪ್ಪಿಸಿದ್ದು ಅಮಾನತು. ನಮ್ಮಲ್ಲಿ ಮಾತ್ರ ನಂಬಿಕೆ ಕಳೆದುಕೊಂಡ ನೌಕರರಿಗೆ ಅಮಾನತು. ಅಬ್ದುಲ್ ಬಾಕಿ: ಎಂದೆಂದೂ ಉಳಿಯುವವನ ದಾಸ. ಮಂಡಿಯ ಲೆಕ್ಕದ ಪುಸ್ತಕ ಕಂಡವರಿಗೆ ‘ಬಾಕಿ’ಯ ಶಾಶ್ವತತೆ ವಿವರಿಸಬೇಕಿಲ್ಲ.

ಎಚ್ಚರಿಕೆ: ರಶೀದನಿಗೂ ರಸೀದಿಗೂ ಗಂಟು ಹಾಕಬೇಡಿ. ಅವನು ಅರಬ್ಬಿ, ಸರಿದಾರಿಯಲ್ಲಿ ನಡೆಯುವವನು. ಇದು ಪಾರಸಿ, ಬಂದು ತಲುಪಿತು ಎಂಬುದಕ್ಕೆ ಗುರುತು.

ಪಾರಸಿ ಹೆಸರನ್ನು ಅಲ್ಲಾಡಿಸಿ ಉಪಯೋಗವಿಲ್ಲ. ಬಹಳಷ್ಟು ಸಮಾಸಗಳೇ, ಬಿಡಿಸಿದರೆ ಸಾಕು. ದಿಲ್‌ಶಾದ್, ಮನಸ್ಸು ಹಿಗ್ಗಿದವರು. ಪರ್ವೀನ್‌ಗೆ ಅದೂ ಬೇಡ, ಆಕಾಶದಲ್ಲಿರುವ ನಮ್ಮ ಕೃತ್ತಿಕೆಯೇ. ಎರಡು ಭಾಷೆ ಜೊತೆಯಾಗಿರುವುದೂ ಉಂಟು: ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅಲ್ಲಿ ಬಾನು ಪಾರಸಿಯ ‘ಅಮ್ಮಾವರು’, ಮುಷ್ತಾಕ್ ಅರಬ್ಬಿಯ ‘ಹಂಬಲಿಸುವವನು’.

ಕೂಗುವಾಗ ‘ಸಾಬ್ರೇ’ ಅನ್ನಿ. ‘ಸಾಹಿಬ್’ ಮೂಲದಲ್ಲಿ ಜೊತೆಗಾರ. ಬಹುವಚನ ಕಳಚಿದಿರೋ, ಖಾತ್ರಿ ರದ್ದು.

ನಿಸಾರ್ ಎಂಬುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕವಿ ಕೆ.ಎಸ್. ನಿಸಾರ್ ಅಹಮದರ ಹೆಸರು. ತಲೆಯ ಮೇಲಿಂದ ನಿವಾಳಿಸಿ ಚೆಲ್ಲುವ ಕಾಸು ಎಂದು ಅರ್ಥ. ಜಹಾಂಗೀರ ಇದಕ್ಕೆಂದೇ ನಿಸಾರ್ ನಾಣ್ಯ ಹಾಕಿಸಿದ್ದ. ನಮ್ಮ ಕಡೆ ಕಾಸು ಚೆಲ್ಲುವವರಿಲ್ಲ. ಹೊಸ ಟ್ರ್ಯಾಕ್ಟರ್ ಬಂದರೆ ಕಾಯಿ ನಿವಾಳಿಸಿ ರಸ್ತೆಗೆ ಈಡುಗಾಯಿ ಹಾಕುತ್ತೇವೆ, ಚೂರು ಆಯಲು ಹುಡುಗರು ಓಡುತ್ತಾರೆ.