ರಾತ್ರಿ ಪಾಳಿ

(ಏಪ್ರಿಲ್ 2021. ಬೆಂಗಳೂರಿನ ಒಂದು ಮನೆ. ಸೂಟ್‌ಕೇಸಿನ ಜಿಪ್ಪು ಅರ್ಧ ಹಾಕಿದೆ.)

ಅವಳು: ರೀ, ಮಡಿಕೇರಿ ಟ್ರಿಪ್ಪು ಇದೆಯೋ ಇಲ್ವೋ?

ಅವನು: 10ನೇ ತಾರೀಖಿಂದ ಕರ್ಫ್ಯೂ ಕಣೇ. ರಾತ್ರಿ 10ರಿಂದ ಬೆಳಗ್ಗೆ 5.

ಅವಳು: ಹಗಲು?

ಅವನು: ಹಗಲು ವೈರಸ್ಸು ಮಲಗಿರತ್ತೆ.

ಅವಳು: ಪಾಪ, ರಾತ್ರಿ ಪಾಳಿ. ಅತ್ತೆ ಏನಂತಾರೆ?

ಅವನು: ಸೋಂಕಿನ ಭಯವಂತೆ, ಬರಲ್ಲ ಅಂದ್ರು.

ಅವಳು: ಎಲ್ಲಿದಾರೆ?

ಅವನು: ನಾಮಕರಣದಲ್ಲಿ. ಎರಡನೇ ಪಂಕ್ತಿಗೆ ಕಾಯ್ತಿದಾರೆ.

ಮಗ: ಅಪ್ಪಾ, ಟೀವೀಲಿ ಮಸ್ಕಿ ನೋಡು, ಎಷ್ಟು ಜನ! ಅಲ್ಲಿ ಕೊರೊನಾ ಇಲ್ವಾ?

ಅವನು: ಉಪಚುನಾವಣೆ ಮರೀ. 17ಕ್ಕೆ ಮತದಾನ. ನೀತಿಸಂಹಿತೆ ಇರುವಾಗ ವೈರಸ್ಸು ಓಡಾಡೋ ಹಾಗಿಲ್ಲ.

ಮಗ: ಹಾಗಾದ್ರೆ ಮಸ್ಕಿಗೇ ಹೋಗೋಣ!

ಅವಳು: ಹೂಂ ರೀ, ಗಾಡೀನೂ ಪಕ್ಷದವರದೇ, ಊಟಾನೂ ಅವರದೇ.

ಅವನು: ಮಡಿಕೇರಿ ಹೋಮ್‌ಸ್ಟೇ ಅಡ್ವಾನ್ಸು?

ಅವಳು: ವಾಪಸ್ ಕೇಳಿ.

ಅವನು: ಕೇಳಿದೆ. ಅದಕ್ಕೂ ನಾಮಕರಣ ಆಯ್ತು. ಮೂರು ನಾಮ!

ಅವಳು: ಹೋಮ್‌ಸ್ಟೇಯವರು ವಾಪಸ್ ಕೊಡದಿರೋದೂ ಸರಿ. ಕರ್ಫ್ಯೂ ಪಟ್ಟೀಲಿ ಮೈಸೂರಿದೆ, ಮಂಗಳೂರಿದೆ, ನಡುವಿನ ಮಡಿಕೇರಿ ಇಲ್ಲ.

ಅವನು: ಅದು ಹೇಗೆ?

ಅವಳು: ಸಾರಿಗೆ ನೌಕರರ ಮುಷ್ಕರ ಅಲ್ವೇ? ಮೈಸೂರಿಂದಾಚೆ ಹೋಗೋಕೆ ವೈರಸ್ಸಿಗೂ ಬಸ್ಸಿಲ್ಲ. ನಮಗೆ ಕಾರಿದೆ, ಡಿಕ್ಕಿ ತೆಗೀರಿ.