ಕಸ ಅವರದು, ಕಾಸು ನಮ್ಮದು

ಜರ್ಮನಿಯವರಿಗೆ ಕಾರು ಮಾಡಲು ಬರುತ್ತದೆ, ಬಿಯರ್ ಮಾಡಲು ಬರುತ್ತದೆ, ತತ್ವಶಾಸ್ತ್ರವನ್ನು ಯಾರಿಗೂ ಅರ್ಥವಾಗದಂತೆ ಬರೆಯಲೂ ಬರುತ್ತದೆ. ಕಾರ್ಖಾನೆ ನಡೆಸಲು ಮಾತ್ರ ಬರುವುದಿಲ್ಲ. ಪುರಾವೆ ಬೇಕಿದ್ದರೆ ಈ ಶತಮಾನದ ಆರಂಭದಲ್ಲಿ ಅವರು ಹೊರತಂದ ಒಂದು ಬೋರ್ಡ್ ಗೇಮ್ ತೆರೆದು ನೋಡಿ. ಯೂರ್ಗನ್ ಸ್ಟ್ರೋಮ್ ಎಂಬವರು ರೂಪಿಸಿದ ಆಟ. ಜರ್ಮನ್ ಹೆಸರು ‘ಮ್ಯುಲ್ ಅಂಡ್ ಮನಿ’, ಅಂದರೆ ಕಸ ಮತ್ತು ಕಾಸು. ಇಂಗ್ಲಿಷಿನವರು ಅದನ್ನು ‘ಇಂಡಸ್ಟ್ರಿಯಲ್ ವೇಸ್ಟ್’ ಎಂದು ಸಪ್ಪೆ ಮಾಡಿ ಮಾರಿದರು. ಕಾಸಿನ ಮಾತನ್ನು ಹೆಸರಿನಿಂದ ತೆಗೆದುಹಾಕುವುದು ಇಂಗ್ಲಿಷಿನವರ ಹಳೆಯ ಸಭ್ಯತೆ.

ಮೂವರೋ ನಾಲ್ವರೋ ಕೂತು ಆಡಬೇಕು. ಪ್ರತಿಯೊಬ್ಬರಿಗೂ ಒಂದೊಂದು ಕಾರ್ಖಾನೆ. ಕಚ್ಚಾ ಮಾಲು ತರಿಸಬೇಕು, ಆರ್ಡರ್ ಹಿಡಿದು ಪೂರೈಸಬೇಕು, ಕೆಲಸಗಾರರನ್ನು ಸೇರಿಸಿಕೊಳ್ಳಬೇಕು ಅಥವಾ ಮನೆಗೆ ಕಳಿಸಬೇಕು. ಕೈಗೆ ಸಿಗುವ ಕಾರ್ಡುಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದರಲ್ಲೇ ಚಾಣಾಕ್ಷತನವೆಲ್ಲ ಇದೆ. ಮಾಲು ತಯಾರಿಸಿದಷ್ಟೂ ಕಸ ಹುಟ್ಟುತ್ತದೆ. ಆ ಕಸ ನಿಮ್ಮ ಹೆಸರಿನಲ್ಲೇ, ನಿಮ್ಮ ಲೆಕ್ಕದಲ್ಲೇ, ಎಲ್ಲರ ಕಣ್ಣಿಗೂ ಕಾಣುವಂತೆ ಏರುತ್ತಾ ಹೋಗುತ್ತದೆ. ಎತ್ತಿಸಬೇಕೆಂದರೆ ವಿಲೇವಾರಿ ಕಾರ್ಡು ಬೇಕು. ಹೊಸ ತಂತ್ರಜ್ಞಾನ ತಂದರೆ ಕಸ ಹುಟ್ಟುವುದೇ ಕಡಿಮೆಯಾಗುತ್ತದೆ. ನಡುವೆ ಅವಘಡದ ಕಾರ್ಡು ಬಂತೆಂದರೆ, ಯಾರ ಬಳಿ ಕಸ ಮಿತಿಮೀರಿ ಗುಡ್ಡೆ ಬಿದ್ದಿದೆಯೋ ಅವರೇ ದಂಡ ತೆರುತ್ತಾರೆ.

ಅವರೇ! ಅದೂ ಅಲ್ಲೇ, ಆಗಲೇ! ವಕೀಲರಿಲ್ಲ, ವಾಯಿದೆಯಿಲ್ಲ, ಮೇಲ್ಮನವಿಯಿಲ್ಲ.

ಲಂಚದ ಕಾರ್ಡೂ ಒಂದಿದೆ ಎಂದು ಕೇಳಿದಾಗ ನನಗೆ ಸ್ವಲ್ಪ ಜೀವ ಬಂತು. ಅವಘಡದ ದಂಡದಿಂದ ಅದು ಪಾರು ಮಾಡುತ್ತದೆ. ಇಡೀ ಆಟದಲ್ಲಿ ಅನುಭವಸ್ಥರು ಬರೆದಂತೆ ಕಾಣುವ ಭಾಗ ಅದೊಂದೇ. ಅದನ್ನೂ ಕೆಡಿಸಿಟ್ಟಿದ್ದಾರೆ. ಆ ಕಾರ್ಡು ಒಮ್ಮೆ ಬಳಸಿದರೆ ಮುಗಿಯಿತು. ತಿಂಗಳ ಮಾಮೂಲಿನ ವ್ಯವಸ್ಥೆ ಇಲ್ಲ, ದೀಪಾವಳಿಯ ಡ್ರೈಫ್ರೂಟ್ಸ್ ಡಬ್ಬಿ ಇಲ್ಲ, ‘ಮೇಲಿನವರಿಗೂ ಕೊಡಬೇಕಲ್ಲ’ ಎಂಬ ಶ್ರೇಣಿ ಇಲ್ಲ. ಲಂಚವನ್ನು ಚಿಲ್ಲರೆ ವ್ಯಾಪಾರ ಅಂದುಕೊಂಡಿರುವ ಜನ.

ಎಲೆಕ್ಟ್ರೋಪ್ಲೇಟಿಂಗ್ ಘಟಕ ನಡೆಸುವ ಪರಿಚಯದವರೊಬ್ಬರ ಮುಂದೆ ಈ ಆಟ ಹರವಿ, ನಿಯಮಗಳನ್ನು ವಿವರಿಸಿದೆ. ಶ್ರದ್ಧೆಯಿಂದ ಕೇಳಿದರು. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

‘ಸಾರ್, ಇದ್ರಲ್ಲಿ ಮೋರಿ ಎಲ್ಲಿದೆ?’

ಮೋರಿ ಇಲ್ಲ ಎಂದೆ.

‘ರಾಜಕಾಲುವೆ?’

ಅದೂ ಇಲ್ಲ.

‘ಬತ್ತಿಹೋದ ಬೋರ್‌ವೆಲ್ಲಾದ್ರೂ ಕೊಟ್ಟಿರ್ಬೇಕಲ್ಲ ಸಾರ್?’

ಇಲ್ಲ ಎಂದಾಗ ಅವರ ಮುಖ ಗಂಭೀರವಾಯಿತು. ‘ಹೋಗ್ಲಿ, ರಾತ್ರಿ ಯಾವಾಗ ಆಗತ್ತೆ?’ ಈ ಆಟದಲ್ಲಿ ರಾತ್ರಿಯೇ ಆಗುವುದಿಲ್ಲ ಎಂದೆ. ‘ರಾತ್ರಿ ಆಗ್ದೆ ಟ್ಯಾಂಕರ್ ಹೆಂಗ್ ಬರತ್ತೆ?’ ಎಂದು ನಕ್ಕು, ಇದೆಲ್ಲ ಮಕ್ಕಳಾಟ ಬಿಡಿ ಎನ್ನುವಂತೆ ಕಾಫಿಗೆ ಹೇಳಿದರು. ಆಟ ಅಲ್ಲಿಗೆ ನಿಂತಿತು.

ಅವರದು ನ್ಯಾಯವಾದ ಆಕ್ಷೇಪ. ತಾನು ಮಾಡಿದ ಕಸ ತನ್ನ ಲೆಕ್ಕದಲ್ಲೇ ಉಳಿಯುತ್ತದೆ ಎಂಬ ಒಂದು ಕಲ್ಪನೆಯ ಮೇಲೆ ಇಡೀ ಆಟ ನಿಂತಿದೆ. ಇದಕ್ಕಿಂತ ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಅಳಿಗುಳಿಮಣೆ ಎಷ್ಟೋ ವಾಸಿ. ಕರಾವಳಿಯವರ ಚೆನ್ನೆಮಣೆ. ಏಳು ಗುಳಿ ನಿಮ್ಮದು, ಏಳು ಎದುರಿನವರದು. ಒಂದು ಗುಳಿಯಲ್ಲಿ ತುಂಬಿದ್ದ ಹುಣಸೆಬೀಜವನ್ನೆಲ್ಲ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ನಿಮ್ಮ ಸಾಲು ಮುಗಿಯಿತೆಂದು ಕೈ ನಿಲ್ಲುವುದಿಲ್ಲ. ಸಲೀಸಾಗಿ ಎದುರಿನವರ ಸಾಲಿಗೆ ತಿರುಗುತ್ತದೆ. ಹುಣಸೆಬೀಜದ ಜಾಗದಲ್ಲಿ ಕಾರ್ಖಾನೆಯ ಕೆಸರು, ಅಂದರೆ ಸ್ಲಡ್ಜ್, ಅಂದುಕೊಂಡರೆ ನಮ್ಮ ಕೈಗಾರಿಕಾ ನೀತಿ ಪೂರ್ತಿ ಅರ್ಥವಾಗುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಕಾಲು ಚಾಚಿ ಆಡುತ್ತಿದ್ದ ಹೆಂಗಸರಿಗೆ ಗೊತ್ತಿದ್ದದ್ದು ಜರ್ಮನಿಯವರಿಗೆ ಹೊಳೆಯಲಿಲ್ಲ.

ವೃಷಭಾವತಿಯನ್ನೇ ನೋಡಿ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ಐತಿಹ್ಯವಿರುವ ನದಿ. ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಬರುವ ನೀರನ್ನೂ ಅರ್ಧ ಬೆಂಗಳೂರಿನ ಮನೆಗಳ ಕೊಳಚೆಯನ್ನೂ ಹೊತ್ತು, ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ ಹಾದು, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತಾಳೆ. ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. ಬೆಂಗಳೂರು ತನ್ನ ಗುಳಿಯನ್ನು ಬಾಚಿ ರಾಮನಗರ ಜಿಲ್ಲೆಯ ಗುಳಿಗೆ ಹಾಕುತ್ತಿದೆ ಎಂದು ಅಲ್ಲಿನವರು ದಶಕಗಳಿಂದ ದೂರುತ್ತಿದ್ದರು. ಸರ್ಕಾರ ಕಿವಿಗೊಡಲಿಲ್ಲ ಎನ್ನಬೇಡಿ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಬೆಂಗಳೂರಿನ ಕಸ ಈಗ ಬೆಂಗಳೂರಿನಲ್ಲೇ ಉಳಿಯುತ್ತದೆ. ಒಂದು ಬಕೆಟ್ ನೀರನ್ನೂ ಶುದ್ಧ ಮಾಡದೆ ಇಂಥ ಪರಿಹಾರ ಕಂಡುಹಿಡಿದ ಇನ್ನೊಂದು ನಾಡಿದ್ದರೆ ತೋರಿಸಿ.

(ಎಲ್ಲವನ್ನೂ ಕಾರ್ಖಾನೆಗಳ ತಲೆಗೆ ಕಟ್ಟುವುದೂ ತಪ್ಪು. ಆ ನದಿಯಲ್ಲಿ ಹರಿಯುವುದರ ಸಿಂಹಪಾಲು ನಮ್ಮ ಬಚ್ಚಲು, ಕಕ್ಕಸುಗಳದೇ. ಆದರೆ ಬಚ್ಚಲ ನೀರಿನಲ್ಲಿ ಕ್ರೋಮಿಯಂ ಇರುವುದಿಲ್ಲ. ಇದ್ದರೆ ಅದು ಎಂಥ ಸ್ನಾನವೋ ಕಾಣೆ.)

ಕಸವನ್ನು ಪಕ್ಕದವರ ಗುಳಿಗೆ ದಾಟಿಸುವುದನ್ನು ಜರ್ಮನಿಯವರು ಅರಿಯದ ಮುಗ್ಧರೇ? ಹಾಗೇನೂ ಇಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಕ್ಕದಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹೊಡೆದ ನೀರು ಗೋದಾಮಿನ ಕೀಟನಾಶಕಗಳನ್ನು ತೊಳೆದುಕೊಂಡು ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು, ವಿಷ ಜರ್ಮನಿಯನ್ನು ಹಾದು ನೆದರ್ಲೆಂಡ್ಸ್‌ವರೆಗೆ ಹೋಯಿತು. ಸ್ವಿಸ್ ಗುಳಿಯಿಂದ ಜರ್ಮನ್ ಗುಳಿಗೆ, ಅಲ್ಲಿಂದ ಡಚ್ಚರ ಗುಳಿಗೆ. 1989ರಲ್ಲಿ, ಅಪಾಯಕಾರಿ ಕಸವನ್ನು ಗಡಿ ದಾಟಿಸುವುದಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಆದದ್ದೂ ಬಾಸೆಲ್ಲಿನಲ್ಲೇ. ಅದೇ ಜರ್ಮನಿ ಯುರೋಪಿನ ದೊಡ್ಡ ಪ್ಲಾಸ್ಟಿಕ್ ಕಸ ರಫ್ತುದಾರ ದೇಶಗಳಲ್ಲಿ ಒಂದು. ಮನೆಯಲ್ಲಿ ಹಳದಿ ಡಬ್ಬಿ, ನೀಲಿ ಡಬ್ಬಿ ಎಂದು ಭಕ್ತಿಯಿಂದ ವಿಂಗಡಿಸಿ, ಅದರಲ್ಲೊಂದಿಷ್ಟನ್ನು ಮಲೇಷ್ಯಾಕ್ಕೋ ಟರ್ಕಿಗೋ ಹಡಗು ಹತ್ತಿಸಿದ್ದಾರೆ. ಹಾಗಾದರೆ ಅವರಿಗೂ ಆಟ ಗೊತ್ತು. ಡಬ್ಬಿಯಲ್ಲಿಟ್ಟು ಮಾರುವಾಗ ಮಾತ್ರ ಶುದ್ಧ ಮಡಿ.

ವಿಲೇವಾರಿ ಕಾರ್ಡಿನ ವಿಷಯಕ್ಕೆ ಬರೋಣ. ಆಟದಲ್ಲಿ ಕಾರ್ಡು ಇಳಿಸಿದಿರಿ, ಕಸ ಮಾಯ. ಭೋಪಾಲದಲ್ಲಿ ಆ ಕಾರ್ಡು ಇಳಿಸಲು 40 ವರ್ಷ ಹಿಡಿಯಿತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿತ್ತು. 1989ರಲ್ಲಿ 47 ಕೋಟಿ ಡಾಲರಿಗೆ ಲೆಕ್ಕ ಚುಕ್ತಾ ಎಂದು ಒಪ್ಪಂದವೂ ಆಯಿತು. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ ಕಸದಲ್ಲಿ 337 ಟನ್ ಅಲ್ಲಿಂದ ಹೊರಟದ್ದು 2025ರ ಜನವರಿ ಮೊದಲ ವಾರದಲ್ಲಿ. ರಾತ್ರಿ ಹೊತ್ತಿನಲ್ಲಿ, 12 ಕಂಟೇನರುಗಳಲ್ಲಿ, ಪೊಲೀಸ್ ಕಾವಲಿನಲ್ಲಿ, ಸುಮಾರು 250 ಕಿಲೋಮೀಟರ್ ದೂರದ ಪೀಥಮ್‌ಪುರಕ್ಕೆ. ನನ್ನ ಪರಿಚಯದವರು ರಾತ್ರಿ ಯಾವಾಗ ಆಗುತ್ತೆ ಎಂದು ಕೇಳಿದ್ದು ಇದಕ್ಕೇ. ಪೀಥಮ್‌ಪುರದವರು ‘ನಮ್ಮ ಗುಳಿಗೆ ಯಾಕೆ?’ ಎಂದು ಬೀದಿಗಿಳಿದರು. ಕೋರ್ಟು, ಪ್ರಯೋಗ, ವರದಿ ಎಲ್ಲ ಆಗಿ ಕೊನೆಗೆ ಸುಟ್ಟರು. ಸುಡುವಾಗ ಸುಣ್ಣ ಮತ್ತಿತರ ಪದಾರ್ಥ ಬೆರೆಸಬೇಕಾದ್ದರಿಂದ ಉಳಿದ ಬೂದಿ, ಸುಟ್ಟ ಕಸಕ್ಕಿಂತ ಹೆಚ್ಚು ತೂಗಿತು. ಆಮೇಲೆ ಆ ಬೂದಿಗೊಂದು ಗುಳಿ ಬೇಕಾಯಿತು.

ಭೋಪಾಲದಿಂದ ದೇಶ ಪಾಠ ಕಲಿಯಿತು ಎನ್ನುವುದಕ್ಕೆ 1986ರ ಪರಿಸರ ಸಂರಕ್ಷಣಾ ಕಾಯಿದೆಯನ್ನು ತೋರಿಸುತ್ತಾರೆ. ಉಲ್ಲಂಘಿಸಿದರೆ ಐದು ವರ್ಷದವರೆಗೆ ಜೈಲು ಎಂದು ಅದರಲ್ಲಿ ಬರೆದಿತ್ತು. ಬರೆದಿತ್ತು, ಅಷ್ಟೆ; ಆದರೂ ಬರೆದದ್ದನ್ನು ಓದಿ ಕೆಲವರಿಗೆ ನಿದ್ದೆ ಕೆಡುತ್ತಿತ್ತು. 2023ರಲ್ಲಿ ಜನವಿಶ್ವಾಸ ಕಾಯಿದೆ ಬಂದು ಆ ಜೈಲನ್ನು ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಎಂದು ಮಾಡಿತು. ಜೈಲು ಉಳಿದಿರುವುದು ದಂಡ ಕಟ್ಟದವರಿಗೆ. ಅಂದರೆ ನದಿ ಕೆಡಿಸಿದ್ದು ತಪ್ಪಲ್ಲ, ಬಾಕಿ ಉಳಿಸಿಕೊಂಡದ್ದು ತಪ್ಪು. ಜನರ ಮೇಲೆ ಸರ್ಕಾರಕ್ಕಿರುವ ವಿಶ್ವಾಸ ಇದು. ಯಾವ ಜನ ಎಂದು ಕಾಯಿದೆಯಲ್ಲಿ ಬಿಡಿಸಿ ಹೇಳಿಲ್ಲ. 15 ಲಕ್ಷ ಎಂದರೆ ದೊಡ್ಡ ಕಾರ್ಖಾನೆಯೊಂದು ವಾರ್ಷಿಕೋತ್ಸವದ ಪೆಂಡಾಲಿಗೆ ಇಡುವ ಬಾಬ್ತು. ಆ ಜರ್ಮನ್ ಆಟದ ನಿಯಮಪುಸ್ತಕವನ್ನು ದೆಹಲಿಯಲ್ಲಿ ಯಾರೋ ಶ್ರದ್ಧೆಯಿಂದ ಓದಿದ್ದಾರೆ: ಆಟದಲ್ಲೂ ಯಾರೂ ಜೈಲಿಗೆ ಹೋಗುವುದಿಲ್ಲ.

ಹಾಗಂತ ನಮ್ಮಲ್ಲಿ ತಪಾಸಣೆಯೇ ಇಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಇದೆ, ಅದ್ದೂರಿಯಾಗಿದೆ. ‘ನಾಳೆ ಪೊಲ್ಯೂಶನ್ ಬೋರ್ಡಿನವರು ಬರ್ತಾರಂತೆ’ ಎಂಬ ಫೋನು ಹಿಂದಿನ ಸಂಜೆಯೇ ಬರುತ್ತದೆ. ಕೊಳೆನೀರು ಶುದ್ಧ ಮಾಡುವ ಇಟಿಪಿ ಘಟಕದ ಧೂಳು ಹಿಡಿದಿದ್ದ ಮೋಟರಿಗೆ ಗ್ರೀಸು ಬೀಳುತ್ತದೆ. ಕರೆಂಟು ಉಳಿಸಲು ತೆಗೆದಿಟ್ಟಿದ್ದ ಫ್ಯೂಸು ಮರಳಿ ಹೋಲ್ಡರಿಗೆ ಬರುತ್ತದೆ. ಆರು ತಿಂಗಳ ಲಾಗ್‌ಬುಕ್ಕನ್ನು ಸೂಪರ್‌ವೈಸರ್ ಒಂದೇ ರಾತ್ರಿಯಲ್ಲಿ, ಒಂದೇ ಪೆನ್ನಿನಲ್ಲಿ ತುಂಬುತ್ತಾನೆ. ಬುದ್ಧಿವಂತನಾದರೆ ಎರಡು ಪೆನ್ನು. ಪಿಎಚ್ ಮಾತ್ರ ಯುಗಾದಿಯಿಂದ ದಸರೆಯವರೆಗೆ 7.2ರಿಂದ ಅಲುಗಿರುವುದಿಲ್ಲ. ಹೊರಹರಿವಿನ ತೊಟ್ಟಿಯಲ್ಲಿ ನಾಲ್ಕು ಬಣ್ಣದ ಮೀನು ಬಿಡುತ್ತಾರೆ, ನೀರು ಅಷ್ಟು ಶುದ್ಧ ಎಂದು ತೋರಿಸಲು. ಆ ತೊಟ್ಟಿಗೆ ನೀರು ಬರುವುದು ಇಟಿಪಿಯಿಂದಲ್ಲ, ಸಂಪಿನಿಂದ. ಅದು ಮೀನಿಗೂ ಗೊತ್ತು. ಸ್ಯಾಂಪಲ್ ಬಾಟಲಿ ತುಂಬುತ್ತದೆ, ಎಳನೀರು ಖಾಲಿಯಾಗುತ್ತದೆ, ಗೇಟಿನ ಬಳಿ ಸಸಿಯೊಂದನ್ನು ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹೋದ ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟಿದ್ದೂ ಅದೇ ಗುಂಡಿಯಲ್ಲಿ.

ದೊಡ್ಡ ದಂಡದ ಕಥೆ ಕೇಳಬೇಕೆಂದರೆ ಬೆಳ್ಳಂದೂರಿಗೆ ಹೋಗಿ. ಅಲ್ಲಿನ ಕೆರೆ ನೊರೆ ಉಕ್ಕಿಸಿತು, ಬೆಂಕಿ ಹೊತ್ತಿಸಿಕೊಂಡಿತು. 2018ರ ಜನವರಿಯಲ್ಲಿ ಆ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ನೊರೆ ರಸ್ತೆಗೆ ಹಾರಿ ಬರುತ್ತದೆಂದು ಸೇತುವೆಯ ಪಕ್ಕ ಬಲೆ ಕಟ್ಟಿದರು. ನೊರೆಗೆ ಬಲೆ! ಆ ಎಂಜಿನಿಯರಿಗೆ ಸಿಗಬೇಕಾದ ಪ್ರಶಸ್ತಿ ಇನ್ನೂ ಸಿಕ್ಕಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಜನ ಚಪ್ಪಾಳೆ ತಟ್ಟಿದರು. ಸರ್ಕಾರದ ದುಡ್ಡು ಎಲ್ಲಿಂದ ಬರುತ್ತದೆ ಎಂದು ಚಪ್ಪಾಳೆ ತಟ್ಟುವಾಗ ಯಾರೂ ಯೋಚಿಸುವುದಿಲ್ಲ. ಅವಘಡದ ಕಾರ್ಡು ತೆರೆದುಕೊಂಡಾಗ ಆಡುತ್ತಿದ್ದವರೆಲ್ಲ ಕೈ ಕಟ್ಟಿ ಕೂತು, ಕಿಟಕಿಯಾಚೆ ನಿಂತು ನೋಡುತ್ತಿದ್ದವನಿಂದ ದಂಡ ವಸೂಲಿ ಮಾಡಿಸಿದರಂತೆ ಎಂದರೆ ಆ ಜರ್ಮನ್ ಆಟಗಾರ ನಂಬುವುದಿಲ್ಲ.

ಅವರ ಆಟಕ್ಕೆ ಕರ್ನಾಟಕದ ಆವೃತ್ತಿ ಮಾಡುವುದಾದರೆ ನನ್ನದೊಂದೇ ತಿದ್ದುಪಡಿ. ಮೇಜಿಗೆ ಇನ್ನೊಂದು ಕುರ್ಚಿ ಹಾಕಿ, ಅದರಲ್ಲಿ ಬೈರಮಂಗಲ ಕೆರೆಯ ಕೆಳಗಿನ ರೈತನನ್ನು ಕೂರಿಸಬೇಕು. ಅವನಿಗೆ ಕಾರ್ಡು ಹಂಚುವಂತಿಲ್ಲ. ಸರದಿ ಇಲ್ಲ. ಆರ್ಡರ್ ಇಲ್ಲ, ಲಾಭ ಇಲ್ಲ, ಲಂಚ ಕೊಡುವ ಯೋಗ್ಯತೆಯಂತೂ ಮೊದಲೇ ಇಲ್ಲ. ಮಿಕ್ಕವರು ಆಡಿದ ಹಾಗೆಲ್ಲ ಅವನ ಮುಂದೆ ಕಸ ಬೀಳುತ್ತಾ ಹೋಗಬೇಕು. ಅವನು ಎದ್ದು ಹೋಗುವಂತಿಲ್ಲ, ಏಕೆಂದರೆ ಹೊಲ ಅಲ್ಲೇ ಇದೆ.

ಆದರೆ ಅವನು ಸುಮ್ಮನೆ ಕೂರುವವನಲ್ಲ. ಬಂದ ನೀರನ್ನು ಗದ್ದೆಗೆ ಹಾಯಿಸುತ್ತಾನೆ; ಬೇರೆ ನೀರು ಎಲ್ಲಿದೆ? ಬೇಬಿ ಕಾರ್ನ್ ಬೆಳೆಯುತ್ತಾನೆ, ಹಿಪ್ಪುನೇರಳೆ ಬೆಳೆಯುತ್ತಾನೆ, ಹಸುವಿಗೆ ಹುಲ್ಲು ಬೆಳೆಯುತ್ತಾನೆ, ಸೊಪ್ಪು ತರಕಾರಿ ಬೆಳೆಯುತ್ತಾನೆ. ಈ ನೀರಿನಲ್ಲಿ ಬೆಳೆದುದರಲ್ಲಿ ಭಾರಲೋಹದ ಅಂಶವಿದೆ ಎಂದು ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತಿದ್ದಾರೆ. ವರದಿಗಳು ಕಪಾಟಿಗೆ ಹೋಗುತ್ತವೆ, ಸೊಪ್ಪು ಟೆಂಪೊ ಹತ್ತಿ ಬೆಂಗಳೂರಿಗೆ ಬರುತ್ತದೆ. ಅಳಿಗುಳಿಮಣೆಯಲ್ಲಿ ಕೈ ಒಂದು ಸುತ್ತು ಪೂರ್ತಿ ಬಂದರೆ ಬೀಳುವುದು ನಮ್ಮ ಗುಳಿಗೇ ತಾನೆ. ಬೆಳಗಿನ ವಾಕಿಂಗ್ ಮುಗಿಸಿ, ಶುಗರ್ರಿಗೆ ಸೊಪ್ಪು ಒಳ್ಳೆಯದಂತೆ ಎಂದು ನಾವು ಗಾಡಿಯವನ ಮುಂದೆ ನಿಲ್ಲುತ್ತೇವೆ. ಕಟ್ಟಿಗೆ 20 ರೂಪಾಯಿ ಜಾಸ್ತಿಯಾಯಿತು ಎಂದು ಜಗಳವಾಡಿ, 15ಕ್ಕೆ ಇಳಿಸಿ, ಮೇಲೊಂದಿಷ್ಟು ಕೊತ್ತಂಬರಿಯನ್ನು ಪುಕ್ಕಟೆ ಹಾಕಿಸಿಕೊಂಡು ಗೆದ್ದ ಖುಷಿಯಲ್ಲಿ ಮನೆಗೆ ಬರುತ್ತೇವೆ.